ನಿಲ್ಲಿಸಿ ನಡೆಸುವ ಯುದ್ಧ

ಸಂಚಿಕೆಗೊಂದು ಕಾದಂಬರಿಯನ್ನೋ ಕವನ ಸಂಕಲನವನ್ನೋ ಕುರಿತು ನಾಲ್ಕು ಮಾತು ಬರೆದುಕೊಡುವುದು ಈ ಪತ್ರಿಕೆಯಲ್ಲಿ ನಮ್ಮ ಪಾಲಿಗೆ ಬಂದ ಕೆಲಸ. ಈ ಸಲ ಊರಿನಿಂದ ಬರಬೇಕಿದ್ದ ಪುಸ್ತಕಗಳ ಕಟ್ಟು ಬರಲೇ ಇಲ್ಲ. ಸಂಪಾದಕರದು ಫೋನಿನ ಮೇಲೆ ಫೋನು. ಕೊನೆಗೆ ಸೋತು, "ಏನಾದರೂ ಬರೆಯಿರಿ ಡಾಕ್ಟ್ರೇ, ಎರಡು ಪುಟ ಖಾಲಿ ಬಿದ್ದಿದೆ" ಅಂದರು. ಏನಾದರೂ ಎಂದರೆ ಏನಾದರೂ ಎಂದೇ ಅರ್ಥ ಮಾಡಿಕೊಂಡು ನಾವು ಒಂದು ವಿಡಿಯೋ ಗೇಮಿನ ವಿಮರ್ಶೆಗೆ ಕೈ ಹಾಕಿದ್ದೇವೆ. ಹುಬ್ಬೇರಿಸುವ ಹಿರಿಯರು ಸ್ವಲ್ಪ ತಾಳಬೇಕು. ಯುಗಾದಿಗೋ ದೀಪಾವಳಿಗೋ ಯಾರದಾದರೂ ಮನೆಯಲ್ಲಿ ಸೇರಿ, ಮೇಲೆ ನಾವು ಬಿಸಿಬೇಳೆಬಾತಿನ ತಟ್ಟೆ ಹಿಡಿದು ಮನೆಗಳ ಬೆಲೆ ಏರಿದ್ದನ್ನೂ ಇಳಿದದ್ದನ್ನೂ ಮಾತಾಡುತ್ತಿರುವಾಗ ಕೆಳಗೆ ಬೇಸ್‌ಮೆಂಟಿನಲ್ಲಿ ನಮ್ಮ ಮಕ್ಕಳು ಏನು ಮಾಡುತ್ತಿರುತ್ತಾರೆ? ಕಾಳಗ! ಒಂದು ಸಲ ಮೆಟ್ಟಿಲಿಳಿದು ನೋಡಿದರೆ ತಪ್ಪೇನಿಲ್ಲ.

ಆಟದ ಹೆಸರು ಬಾಲ್ಡರ್ಸ್ ಗೇಟ್. ಹೊರಬಂದದ್ದು 1998ರ ಡಿಸೆಂಬರಿನಲ್ಲಿ, ಐದು ಸಿ.ಡಿ.ಗಳ ದಪ್ಪ ಪೆಟ್ಟಿಗೆಯಲ್ಲಿ. ನಾವು ಆಗ ಹುಬ್ಬಳ್ಳಿಯ ಎಂ.ಬಿ.ಬಿ.ಎಸ್. ಹೊತ್ತುಕೊಂಡು ಬಂದು ಗಡಿಯಾಚೆ ಅಮೆರಿಕದ ಒಂದು ಊರಿನಲ್ಲಿ ರೆಸಿಡೆನ್ಸಿ ಮಾಡುತ್ತಿದ್ದೆವು. ಪೆಟ್ಟಿಗೆ ಕೊಂಡುತಂದವರು ನಮ್ಮ ಯಜಮಾನರು, ಕಂಪ್ಯೂಟರ್ ಕೆಲಸದವರು. ಎರಡು ದಿನ ಆಡಿ ಬಿಟ್ಟರು. ರಾತ್ರಿ ಪಾಳಿ ಮುಗಿಸಿ ಬಂದು ನಿದ್ರೆ ಹತ್ತದೆ ಕುಳಿತಿರುತ್ತಿದ್ದ ನಾವು ಹಿಡಿದೆವು. ಇಂದಿಗೂ ಬಿಟ್ಟಿಲ್ಲ. ಈಗ ಸ್ಟೌಫ್‌ವಿಲ್ಲಿನ ನಮ್ಮ ಮನೆಯಲ್ಲಿ ಆಡುತ್ತಿರುವುದು 2012ರಲ್ಲಿ ಬೀಮ್‌ಡಾಗ್ ಕಂಪನಿ ಒಪ್ಪ ಹಾಕಿ ಮತ್ತೆ ಹೊರತಂದ ಪ್ರತಿ. ಸಿ.ಡಿ. ಬದಲಾಯಿಸುವ ಕಾಟವಿಲ್ಲ.

ಇದು ಪಾತ್ರ ತಾಳಿ ಆಡುವ ಜಾತಿಯ ಆಟ. ನಮ್ಮದೊಂದು ಪಾತ್ರ, ಜೊತೆಗೆ ಐದು ಜನ ಸಂಗಾತಿಗಳು; ಒಟ್ಟು ಆರು ಜನರ ತಂಡ. ಕತ್ತಿಯವರು, ಬಿಲ್ಲಿನವರು, ಮಂತ್ರವಾದಿಗಳು. ಕಥೆ ನಮ್ಮ ಅನಾಥ ಪಾತ್ರವನ್ನು ಸಾಕಿದ ಗೋರಿಯನ್ ಎಂಬ ಮುದುಕನ ಕೊಲೆಯಿಂದ ಶುರುವಾಗುತ್ತದೆ. ಕಥೆಯನ್ನು ಹೊಗಳಿ ಬರೆದವರು ಬೇಕಾದಷ್ಟಿದ್ದಾರೆ. ಅದು ನಮ್ಮ ವಿಷಯವಲ್ಲ. ನಮಗೆ ರುಚಿ ಹತ್ತಿದ್ದು ಅದರ ಯುದ್ಧ.

ಯುದ್ಧದ ಆಟಗಳಲ್ಲಿ ಮೊದಲಿನಿಂದ ಎರಡು ಮತ. ಒಂದು ಸರದಿಯ ಮತ, ನಮ್ಮ ಚೌಕಾಬಾರದ ಹಾಗೆ. ನೀವು ಕವಡೆ ಹಾಕಿ ಕಾಯಿ ನಡೆಸುವವರೆಗೆ ಎದುರಿನವರು ಕೈ ಕಟ್ಟಿ ಕೂರಬೇಕು. ಇನ್ನೊಂದು ಕಬಡ್ಡಿಯ ಮತ. ಅಲ್ಲಿ ಸರದಿಯ ಸೌಜನ್ಯವಿಲ್ಲ; ಉಸಿರು ಹಿಡಿದು ನುಗ್ಗಿದವನ ಕಾಲನ್ನು ಯಾರು ಎಷ್ಟು ಹೊತ್ತಿಗೆ ಹಿಡಿಯುತ್ತಾರೋ! 1997ರ ಫಾಲ್‌ಔಟ್ ಮೊದಲನೆಯ ಮತದ್ದು. ಅದೇ ಕಾಲದ ಡಯಾಬ್ಲೋ ಎರಡನೆಯದು. ಅದನ್ನು ಆಡಿದವರ ಬೆರಳಿಗೆ ನೋವಿನ ಮುಲಾಮು ಬೇಕು. ಬಾಲ್ಡರ್ಸ್ ಗೇಟ್ ಈ ಎರಡರ ನಡುವೆ ಒಂದು ದಾರಿ ಹಿಡಿಯಿತು. ಯುದ್ಧ ಕಬಡ್ಡಿಯಂತೆ ಎಡೆಬಿಡದೆ ನಡೆಯುತ್ತದೆ, ಎಲ್ಲರೂ ಒಟ್ಟಿಗೆ ಬೀಸುತ್ತಾರೆ, ಓಡುತ್ತಾರೆ, ಸಾಯುತ್ತಾರೆ. ಆದರೆ ಕೀಬೋರ್ಡಿನ ಸ್ಪೇಸ್ ಬಾರ್ ಒತ್ತಿದಿರೋ, ಹಾರುತ್ತಿದ್ದ ಬಾಣ ಗಾಳಿಯಲ್ಲೇ ನಿಲ್ಲುತ್ತದೆ. ನಿಂತ ಕಾಲದಲ್ಲಿ ಆರೂ ಜನರಿಗೆ ಬೇರೆ ಬೇರೆ ಆಜ್ಞೆ ಕೊಟ್ಟು ಮತ್ತೆ ಒತ್ತಿದರೆ ಕಾಲ ಹರಿಯುತ್ತದೆ. ಈ ಉಪಾಯ ಇವರೇ ಕಂಡುಹಿಡಿದದ್ದಲ್ಲ. 1992ರ ಡಾರ್ಕ್‌ಲ್ಯಾಂಡ್ಸ್ ಎಂಬ ಆಟದಲ್ಲೂ ಇತ್ತು. ಆದರೆ ಮನೆಮಾತಾಗಿಸಿದ್ದು ಇದು.

ಒಂದು ಕಾಳಗವನ್ನು ಬಿಡಿಸಿ ಹೇಳದಿದ್ದರೆ ಆಡದವರಿಗೆ ಇದರ ರುಚಿ ತಿಳಿಯದು. ಆಟ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಫ್ರೆಂಡ್ಲಿ ಆರ್ಮ್ ಎಂಬ ಛತ್ರಕ್ಕೆ ಬರುತ್ತೇವೆ. ಒಳಗೆ ಜಹೀರಾ, ಖಾಲಿದ್ ಎಂಬ ಗಂಡ ಹೆಂಡತಿ ನಮಗಾಗಿ ಕಾದಿದ್ದಾರೆ. ಹೆಸರೇ ಸ್ನೇಹಹಸ್ತ, ಇನ್ನು ಭಯವೇನು ಎಂದು ಮೆಟ್ಟಿಲ ಹತ್ತಿರ ಹೋದರೆ ಟಾರ್ನೆಶ್ ಎಂಬ ಮಂತ್ರವಾದಿ ನಯವಾಗಿ ಹೆಸರು ವಿಚಾರಿಸಿ ಕೊಲ್ಲಲು ನಿಲ್ಲುತ್ತಾನೆ. ನಮ್ಮ ಕಡೆ ಇರುವುದು ಹಸಿಹಸಿ ಹುಡುಗರು, ಒಂದೆರಡು ಏಟಿಗೆ ಮಲಗುವವರು. ಅವನು ಮೊದಲು ತನ್ನ ಸುತ್ತ ತನ್ನಂತೆಯೇ ಕಾಣುವ ಬಿಂಬಗಳನ್ನು ಎಬ್ಬಿಸುತ್ತಾನೆ. ನಮ್ಮ ಬಾಣಗಳು ಬಿಂಬಕ್ಕೆ ತಾಗಿ ದಂಡವಾಗುತ್ತವೆ. ಆಮೇಲೆ ಭೀತಿಮಂತ್ರ. ಅದು ತಾಗಿದವರು ಕೈಯಲ್ಲಿ ಕತ್ತಿ ಇರುವುದನ್ನೂ ಮರೆತು ದಿಕ್ಕಾಪಾಲಾಗಿ ಓಡುತ್ತಾರೆ. ನೀವು ಸ್ಪೇಸ್ ಬಾರನ್ನು ನೂರು ಸಲ ಒತ್ತಿ, ಏನು ಆಜ್ಞೆ ಬೇಕಾದರೂ ಕೊಡಿ; ಹೆದರಿದವನ ಕಿವಿಗೆ ಅದು ಬೀಳದು.

ಇದಕ್ಕೆ ಮದ್ದು ಒಂದೇ. ಅವನು ಮಂತ್ರ ಪೂರ್ತಿ ಮಾಡುವ ಮೊದಲು ಅವನಿಗೊಂದು ಏಟು ಬೀಳಬೇಕು. ಈ ಆಟದಲ್ಲಿ ಮಂತ್ರ ಹೇಳಲು ಸಮಯ ಹಿಡಿಯುತ್ತದೆ; ಆರು ಸೆಕೆಂಡಿನ ಒಂದು ಸುತ್ತು, ಅದರಲ್ಲಿ ಒಂದೊಂದು ಮಂತ್ರಕ್ಕೆ ಒಂದೊಂದು ಅಳತೆ. ನಡುವೆ ಪೆಟ್ಟು ತಿಂದರೆ ಮಂತ್ರ ಕೆಟ್ಟಿತು. ಸರಿ, ನಾವು ನಿಲ್ಲಿಸಿದೆವು. ನಮ್ಮ ಜೊತೆಗಿರುವ ಇಮೋಯೆನ್ ಎಂಬ ಹುಡುಗಿಯ ಕೈಯಲ್ಲಿ ಒಂದು ಮಾಯಾದಂಡವಿದೆ. ಅದನ್ನು ಬೀಸು ಎಂದೆವು. ಇನ್ನೊಬ್ಬನಿಗೆ ಬಿಲ್ಲು, ಮತ್ತೊಬ್ಬನಿಗೆ ಓಡಿ ಹೋಗಿ ಹೊಡೆ ಎಂದೆವು. ಎಲ್ಲ ಸರಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿ ಸ್ಪೇಸ್ ಬಾರಿನಿಂದ ಬೆರಳು ತೆಗೆದೆವು.

ನಮ್ಮ ಮಟ್ಟಿಗೆ ಈ ಆಟದ ಸುಖವೆಲ್ಲ ಬೆರಳು ತೆಗೆದ ಆ ಕ್ಷಣದಿಂದ ಮುಂದಿನ ಎರಡು ಮೂರು ಸೆಕೆಂಡಿನಲ್ಲಿದೆ. ಇದನ್ನು ಹೊಗಳುವವರೂ ತೆಗಳುವವರೂ ನಿಲ್ಲಿಸುವುದರ ಬಗ್ಗೆಯೇ ಮಾತಾಡುತ್ತಾರೆ: ಯೋಚನೆಗೆ ಅವಕಾಶ ಸಿಕ್ಕಿತು ಎಂದು ಒಬ್ಬರು, ಯುದ್ಧದ ಬಿಸಿ ಆರಿತು ಎಂದು ಇನ್ನೊಬ್ಬರು. ಬಿಡುವುದರ ಬಗ್ಗೆ ಯಾರೂ ಹೇಳುವುದಿಲ್ಲ. ಸರದಿಯ ಆಟದಲ್ಲಿ ಒಂದು ಆಜ್ಞೆಯ ಫಲ ಕಂಡ ಮೇಲೆ ಇನ್ನೊಂದನ್ನು ಕೊಡುತ್ತೀರಿ. ಗುರಿ ತಪ್ಪಿದರೆ ಮುಂದಿನವನಿಗೆ ಬೇರೆ ಹೇಳಬಹುದು. ಕಬಡ್ಡಿಯ ಆಟದಲ್ಲಿ ಆಜ್ಞೆಯೇ ಇಲ್ಲ, ಕೈ ಮಾತ್ರ. ಇಲ್ಲಿ ಆರು ಆಜ್ಞೆಗಳನ್ನು ಒಂದೇ ಸಲ, ಒಂದರ ಫಲವೂ ಗೊತ್ತಿಲ್ಲದೆ ಕೊಟ್ಟು ಕೈಬಿಡಬೇಕು. ಕೈಬಿಟ್ಟ ಕೂಡಲೇ ಅವು ಹಳಸತೊಡಗುತ್ತವೆ. ಓಡಿ ಹೋಗಿ ಹೊಡೆ ಎಂದವನು ತಲುಪುವ ಹೊತ್ತಿಗೆ ಶತ್ರು ಅಲ್ಲಿಲ್ಲ. ಬೆಂಕಿಯ ಉಂಡೆ ಎಸೆ ಎಂದು ಮಂತ್ರವಾದಿಗೆ ಹೇಳಿದಾಗ ಆ ಜಾಗದಲ್ಲಿ ಶತ್ರುಗಳಷ್ಟೇ ಇದ್ದರು. ಮಂತ್ರ ಮುಗಿಯುವಾಗ ನಮ್ಮವನೇ ಒಬ್ಬ ಶೂರ ಅಲ್ಲಿ ನುಗ್ಗಿದ್ದಾನೆ. ಬೆಂಕಿಗೆ ನಮ್ಮವರು ತಮ್ಮವರು ಎಂಬ ಭೇದವಿಲ್ಲ.

ವಾರ್ಡಿನಲ್ಲಿ ಕೆಲಸ ಮಾಡಿದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಆರ್ಡರ್ ಬರೆದು ಇನ್ನೊಂದು ಮಹಡಿಗೆ ಓಡುತ್ತೇವೆ. ಔಷಧ ಫಾರ್ಮಸಿಯಿಂದ ಬಂದು ನರ್ಸಿನ ಕೈ ಸೇರಿ ರೋಗಿಯ ಮೈಗೆ ಹೋಗುವಾಗ ಆ ರೋಗಿ ನಾವು ನೋಡಿದ ರೋಗಿಯಲ್ಲ, ಒಂದು ಗಂಟೆ ಮುಂದಿನವನು. ನಮ್ಮ ವೃತ್ತಿಯಲ್ಲೂ ಸ್ಪೇಸ್ ಬಾರ್ ಒಂದಿದೆ. ಹೃದಯ ನಿಂತವರಿಗೆ ಎದೆ ಒತ್ತುವಾಗ ಈಗಿನ ಮಾರ್ಗಸೂಚಿಯ ಪ್ರಕಾರ ಎರಡು ನಿಮಿಷಕ್ಕೊಮ್ಮೆ ಕೈ ತೆಗೆದು ಮಿಡಿತ ನೋಡಬೇಕು. ಅದಕ್ಕೆ ಹತ್ತು ಸೆಕೆಂಡು ಮೀರಬಾರದು. ಕೋಣೆಯೆಲ್ಲ ಸ್ತಬ್ಧ, ಎಲ್ಲರ ಕಣ್ಣೂ ಪರದೆಯ ಮೇಲೆ. ನಮ್ಮ ಸ್ಪೇಸ್ ಬಾರಿಗೂ ಆಟದ್ದಕ್ಕೂ ಇರುವ ವ್ಯತ್ಯಾಸವೆಂದರೆ ಎಲ್ಲರೂ ನಿಂತರೂ ಕಾಲ ನಿಂತಿರುವುದಿಲ್ಲ.

ಇಲ್ಲಿ ಓದುಗರಿಗೊಂದು ಸ್ವಾರಸ್ಯದ ಸಂಗತಿ. ಈ ಆಟ ಮಾಡಿದ ಬಯೋವೇರ್ ಕಂಪನಿಯನ್ನು 1995ರಲ್ಲಿ ನಮ್ಮ ಕೆನಡಾದ ಎಡ್ಮಂಟನ್ನಿನಲ್ಲಿ ಹುಟ್ಟುಹಾಕಿದವರು ಡಾಕ್ಟರುಗಳು: ರೇ ಮುಜೀಕಾ, ಗ್ರೆಗ್ ಜೆಸ್ಚುಕ್, ಆಗಸ್ಟೀನ್ ಯಿಪ್. ಮೂವರೂ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿದವರು. ಆಟಕ್ಕೆ ಮೊದಲು ವೈದ್ಯ ವಿದ್ಯಾರ್ಥಿಗಳ ಕಲಿಕೆಗೆಂದು ಸಾಫ್ಟ್‌ವೇರ್ ಬರೆದಿದ್ದರು. ಯಿಪ್ ಬೇಗನೆ ರೋಗಿಗಳ ಕಡೆಗೆ ಮರಳಿದರು, ಉಳಿದಿಬ್ಬರು 2012ರವರೆಗೆ ಆಟದಲ್ಲೇ ಉಳಿದರು. ಅಂದ ಮೇಲೆ ಈ ಯುದ್ಧವನ್ನು ಅವರು ಎಮರ್ಜೆನ್ಸಿ ವಾರ್ಡಿನಿಂದಲೇ ತಂದರು ಎಂದು ಬರೆದುಬಿಡಲು ನಮ್ಮ ಪೆನ್ನು ತವಕಿಸುತ್ತದೆ. ಆದರೆ ಆಟದ ಮುಖ್ಯ ವಿನ್ಯಾಸಕಾರರು ಡಾಕ್ಟರಲ್ಲ, ಜೇಮ್ಸ್ ಓಲೆನ್. ನಿಯಮಗಳು ಬಂದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದಿಂದ. ಮೇಜಿನ ಮೇಲೆ ಸರದಿಯಲ್ಲಿ ದಾಳ ಉರುಳಿಸುವುದನ್ನು ಕಂಪ್ಯೂಟರಿನಲ್ಲಿ ಎಡೆಬಿಡದೆ ಓಡಿಸಿದ್ದೇ ಇವರ ಸಾಹಸ. ಡಾಕ್ಟರುಗಳ ಹೆಮ್ಮೆ ಅಲ್ಲಿಗೆ ಸಾಕು.

ಇಂಥದೊಂದನ್ನು ನಾವು ಇದಕ್ಕೆ ಮೊದಲೇ ಕಂಡಿದ್ದೆವು ಎಂಬ ಗುಮಾನಿ ಬಹಳ ದಿನ ಕಾಡುತ್ತಿತ್ತು. ಎಲ್ಲಿ ಎಂದು ಹೊಳೆದದ್ದು ತಡವಾಗಿ. ಶಿರಸಿ ಕಡೆಯವರಿಗೆ ಹೇಳಬೇಕಿಲ್ಲ: ಯಕ್ಷಗಾನದಲ್ಲಿ! ಕೊಯ್ಲಾದ ಗದ್ದೆಯಲ್ಲಿ ಅಪ್ಪಯ್ಯನ ಶಾಲಿನೊಳಗೆ ಮುದುಡಿ ನೋಡಿದ ಕರ್ಣಾರ್ಜುನ ಕಾಳಗ. ಚಂಡೆ ಏರಿ ಇಬ್ಬರೂ ಬಿಲ್ಲು ಹಿಡಿದು ಸುತ್ತುತ್ತಿದ್ದಾರೆ. ಭಾಗವತರು ಪದ ಮುಗಿಸಿದ ಕೂಡಲೇ ಚಂಡೆ ನಿಂತು, ಯುದ್ಧವೂ ನಿಂತು, ಅರ್ಥಗಾರಿಕೆ ಶುರು. ಇಷ್ಟು ಹೊತ್ತು ಕೊಲ್ಲಲು ಬಂದವರು ಈಗ ಕುಲ, ಋಣ, ಧರ್ಮ ಎಂದು ಅರ್ಧ ಗಂಟೆ ವಾದಿಸುತ್ತಾರೆ. ಮತ್ತೆ ತಾಳ, ಮತ್ತೆ ಚಂಡೆ, ಮತ್ತೆ ಬಾಣ. ಕಾಲವನ್ನು ನಿಲ್ಲಿಸಿ ಯೋಚನೆಗೆ ಜಾಗ ಮಾಡುವುದು ನಮ್ಮವರಿಗೆ ಎಂದೋ ಗೊತ್ತಿತ್ತು. (ಗೀತೆಯೇ ಎಲ್ಲಕ್ಕಿಂತ ದೊಡ್ಡ ಸ್ಪೇಸ್ ಬಾರ್ ಅಲ್ಲವೇ ಎಂದು ನಮ್ಮ ಯಜಮಾನರು ಬರುವ ಅತಿಥಿಗಳಿಗೆಲ್ಲ ಹೇಳುತ್ತಾರೆ. ಇನ್ನೂ ಕೇಳಿಸಿಕೊಳ್ಳದವರಿಗೆ ಮುಂದಿನ ಪಾಟ್‌ಲಕ್ಕಿನಲ್ಲಿ ಕೇಳಿಸಲಿದೆ.) ಆದರೆ ಆ ರಾತ್ರಿ ನಮ್ಮ ನಿದ್ದೆ ಹಾರಿಸಿದ್ದು ಬೇರೆ. ಕರ್ಣನ ರಥದ ಗಾಲಿ ಹೂತಿತು. ಸ್ವಲ್ಪ ತಾಳು, ಗಾಲಿ ಎತ್ತಿಕೊಳ್ಳುತ್ತೇನೆ ಎಂದು ಅವನು ಕೇಳುತ್ತಾನೆ. ಕೃಷ್ಣ ಬಿಡುವುದಿಲ್ಲ. ಅಷ್ಟು ಹೊತ್ತು ಬೇಕಾದಾಗಲೆಲ್ಲ ನಿಂತ ಯುದ್ಧ ಬೇಕೇ ಬೇಕಾದಾಗ ನಿಲ್ಲಲಿಲ್ಲ.

2004ರ ಜೂನಿನಲ್ಲಿ ಒಂದು ಸಂಜೆ ಊರಿನಿಂದ ತಮ್ಮನ ಫೋನು. ಅಲ್ಲಿ ಬೆಳಗಿನ ಜಾವ. "ಅಕ್ಕಾ, ಅಪ್ಪಯ್ಯಂಗೆ ಎದೆನೋವು. ಎಂತ ಮಾಡ್ಲಿ?" ನಮಗೆ ಗೊತ್ತಿದ್ದುದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆವು: ಆಸ್ಪಿರಿನ್ ಮಾತ್ರೆ ಜಗಿಸು, ಕಾರು ತರಿಸು, ನಡೆಸಬೇಡ, ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡೇ ಹೋಗಿ. ಆಮೇಲೆ ಫೋನು ಇಟ್ಟು ಕುಳಿತೆವು. ಮಾಡುವುದಕ್ಕೆ ಬೇರೇನೂ ಇರಲಿಲ್ಲ. ನಡೆಸಬೇಡ ಎಂದು ನಾವು ಹೇಳುತ್ತಿದ್ದಾಗಲೇ ಅಪ್ಪಯ್ಯ ಪಂಚೆ ಉಟ್ಟು, ತಾವೇ ಮೆಟ್ಟಿಲಿಳಿದು, ಅಂಗಳ ದಾಟಿ ನೆಂಟರ ಜೀಪಿನಲ್ಲಿ ಕುಳಿತಾಗಿತ್ತು ಎಂದು ಮರುದಿನ ತಿಳಿಯಿತು. ಹುಬ್ಬಳ್ಳಿ ತಲುಪಲಿಲ್ಲ.

ಅದಾದ ಮೇಲೆ ಒಂದು ವರ್ಷಕ್ಕೂ ಹೆಚ್ಚು ನಾವು ಈ ಆಟ ಮುಟ್ಟಲಿಲ್ಲ. ಮತ್ತೆ ಯಾಕೆ ಮುಟ್ಟಿದೆವು ಎಂದು ಯಜಮಾನರು ಕೇಳಿದ್ದರು. ಆಗ ಹೇಳಲು ಬರಲಿಲ್ಲ. ಆಜ್ಞೆ ಕೊಟ್ಟು ಕೈಬಿಟ್ಟ ಮೇಲಿನ ಆ ಎರಡು ಮೂರು ಸೆಕೆಂಡು ಇದೆಯಲ್ಲ, ಅದರಲ್ಲಿ ಇರುವುದನ್ನು ಕಲಿಯುತ್ತಿದ್ದೆವೋ ಏನೋ. ಆಟದಲ್ಲಿ ಅದು ಹಗುರ. ಕ್ಯೂ ಕೀಲಿ ಒತ್ತಿ ಮೊದಲೇ ಆಟವನ್ನು ಕಾದಿಟ್ಟಿದ್ದರೆ ಸೋತಾಗ ಅಲ್ಲಿಂದ ಮತ್ತೆ ಶುರು ಮಾಡಬಹುದು. ಸತ್ತವರನ್ನು ಗುಡಿಗೆ ಕೊಂಡೊಯ್ದರೆ ಪೂಜಾರಿ ಹಣ ಎಣಿಸಿಕೊಂಡು ಎಬ್ಬಿಸುತ್ತಾನೆ. ಅಲ್ಲಿ ಓಹಿಪ್ ಕಾರ್ಡು ನಡೆಯುವುದಿಲ್ಲ.

ವಿಮರ್ಶೆ ಎಂದ ಮೇಲೆ ದೋಷಗಳನ್ನೂ ಹೇಳಬೇಕು. ಮೊದಲನೆಯದು, ಈ ವೀರರಿಗೆ ದಾರಿ ಹುಡುಕುವ ಬುದ್ಧಿ ಕಡಿಮೆ. ನ್ಯಾಶ್ಕೆಲ್ ಗಣಿಯ ಇಕ್ಕಟ್ಟಿನ ಸುರಂಗದಲ್ಲಿ ಒಬ್ಬ ಅಡ್ಡ ನಿಂತರೆ ಹಿಂದಿನವನು ಸುಮ್ಮನೆ ಕಾಯುವುದಿಲ್ಲ. ಇಡೀ ಗಣಿಯನ್ನು ಪ್ರದಕ್ಷಿಣೆ ಹಾಕಿ ಶತ್ರುಗಳ ಮಧ್ಯೆ ಒಬ್ಬನೇ ಹೋಗಿ ನಿಲ್ಲುತ್ತಾನೆ. ಇದು ಹಳಸಿದ ಆಜ್ಞೆಯ ಸೊಗಸಲ್ಲ, ಬರೀ ದಡ್ಡತನ. ಎರಡನೆಯದು, ಮೊದಮೊದಲ ಕಾಳಗಗಳು ಯುಕ್ತಿಗಿಂತ ದಾಳದ ಕೃಪೆಯ ಮೇಲೆ ನಿಂತಿವೆ. ಎರಡು ಕಡೆಯವರೂ ಎದುರೆದುರು ನಿಂತು ಗಾಳಿಗೆ ಕತ್ತಿ ಬೀಸುತ್ತಿದ್ದರೆ ನೋಡುವವರಿಗೆ ಆಕಳಿಕೆ. ಮೂರನೆಯದು ಆಟದ ದೋಷವೋ ಆಡುವವರದೋ ಹೇಳುವುದು ಕಷ್ಟ: ಅರ್ಧ ಸೆಕೆಂಡಿಗೊಮ್ಮೆ ನಿಲ್ಲಿಸುತ್ತ ಹೋದರೆ ಇದು ಕೆಟ್ಟದಾಗಿ ಹೊಲಿದ ಸರದಿಯಾಟವಾಗಿಬಿಡುತ್ತದೆ. ಶತ್ರು ಕಂಡಾಗ, ಏಟು ಬಿದ್ದಾಗ, ಸುತ್ತು ಮುಗಿದಾಗ ತಾನಾಗಿ ನಿಲ್ಲುವ ಏರ್ಪಾಡನ್ನೂ ಇಟ್ಟಿದ್ದಾರೆ. ಎಲ್ಲವನ್ನೂ ಹಾಕಿಕೊಂಡು ಆಡುವವರು ಪಾಯಸದಲ್ಲಿ ಪ್ರತಿಯೊಂದು ಗೋಡಂಬಿಯನ್ನೂ ಎತ್ತಿ ಪರೀಕ್ಷಿಸಿ ತಿನ್ನುವವರ ಹಾಗೆ. ನಾವು ಶತ್ರು ಕಂಡಾಗ ನಿಲ್ಲುವುದೊಂದನ್ನು ಬಿಟ್ಟು ಉಳಿದೆಲ್ಲ ತೆಗೆದುಹಾಕಿದ್ದೇವೆ.

ಈ ಹಾದಿಯಲ್ಲಿ ಮುಂದೆಯೂ ಆಟಗಳು ಬಂದವು: 2000ದಲ್ಲಿ ಇದರದೇ ಎರಡನೆಯ ಭಾಗ, 2009ರಲ್ಲಿ ಡ್ರ್ಯಾಗನ್ ಏಜ್. ಆದರೆ 2023ರ ಆಗಸ್ಟಿನಲ್ಲಿ ಬಾಲ್ಡರ್ಸ್ ಗೇಟ್ ಮೂರನೆಯ ಭಾಗ ಬಂದಾಗ ಯುದ್ಧ ಪೂರ್ತಿ ಸರದಿಗೆ ಮರಳಿತ್ತು. ಅದನ್ನು ಮಾಡಿದವರು ಎಡ್ಮಂಟನ್ನಿನವರಲ್ಲ, ಬೆಲ್ಜಿಯಮ್ಮಿನ ಲ್ಯಾರಿಯನ್ ಕಂಪನಿಯವರು. ಜಗತ್ತು ಮೆಚ್ಚಿತು, ನಮ್ಮ ಮಗನೂ ಮೆಚ್ಚಿದ. ನಾವೂ ಆಡಿದೆವು, ಸುಳ್ಳು ಯಾಕೆ ಹೇಳಬೇಕು, ಬಹಳ ಚೆನ್ನಾಗಿದೆ. ಶತ್ರುವನ್ನು ಬಂಡೆಯ ಮೇಲಿಂದ ನೂಕುವುದರಲ್ಲಿ ಒಂದು ಬಾಲಿಶ ಆನಂದವಿದೆ. ಏಟು ತಾಗುವ ಸಂಭವ ನೂರಕ್ಕೆ ಎಷ್ಟು ಎಂದು ಮೊದಲೇ ತೋರಿಸುತ್ತದೆ, ಒಂದರ ಫಲ ಕಂಡು ಇನ್ನೊಂದನ್ನು ಯೋಚಿಸಬಹುದು. ನಮ್ಮ ತಕರಾರು ಅಲ್ಲಿಯೇ. ನಾಲ್ಕೇ ಜನರ ತಂಡ, ಎದುರಿಗೆ ಹದಿನೈದು ಜನ ಇದ್ದರೆ ಅವರೆಲ್ಲರ ಸರದಿ ಮುಗಿಯುವಷ್ಟರಲ್ಲಿ ಕಾಫಿ ಮಾಡಿ ತರಬಹುದು. ಉರಿಯುವ ಬೆಂಕಿಯೂ ಅಲ್ಲಿ ತನ್ನ ಸರದಿಗೆ ಕಾಯುತ್ತದೆ!

"ಅಮ್ಮ, ನಿಂದೇ ಚೀಟಿಂಗ್" ಎಂದ ಮಗ. ಫೆಬ್ರವರಿಯ ರೀಡಿಂಗ್ ವೀಕಿನಲ್ಲಿ ಯೂನಿವರ್ಸಿಟಿಯಿಂದ ಬಂದಿದ್ದ. ಹಿಮ ಬಿದ್ದು ನೈನ್ತ್ ಲೈನಿನ ಮೇಲೆ ಕಾರುಗಳು ತೆವಳುತ್ತಿದ್ದವು, ಎಲ್ಲಿಗೂ ಹೋಗುವಂತಿರಲಿಲ್ಲ. ಅವನ ವಾದ ಹೀಗೆ: ಸರದಿಯಲ್ಲಿ ಎಲ್ಲರಿಗೂ ಒಂದೇ ನ್ಯಾಯ, ಶತ್ರುವಿಗೂ ಯೋಚಿಸಲು ಸಮಯ. ನಿನ್ನ ಆಟದಲ್ಲಿ ನಿಲ್ಲಿಸುವ ಹಕ್ಕು ನಿನಗೊಬ್ಬಳಿಗೆ. ಮಾತು ಸರಿಯಾಗಿದೆ. ಉತ್ತರ ಹೊಳೆಯದೆ ಟಾರ್ನೆಶ್ಶನ ಮುಂದೆ ಅವನನ್ನೇ ಕೂರಿಸಿದೆವು.

ಮೊದಲ ಸಲ ಗಂಟಲು ಒಣಗುವಷ್ಟು ಸ್ಪೇಸ್ ಬಾರ್ ಒತ್ತಿದ. ಸೋತ. ಎರಡನೆಯ ಸಲ ಒತ್ತಲೇ ಇಲ್ಲ, ಹಟಕ್ಕೆ. ಆಗಲೂ ಸೋತ, ಅವನ ಬಿಲ್ಲುಗಾರ ಹೆದರಿ ಛತ್ರದ ಹಿಂದಕ್ಕೆ ಓಡಿಹೋಗಿದ್ದ. ಮೂರನೆಯ ಸಲ ಮಂತ್ರವಾದಿ ಕಂಡೊಡನೆ ನಿಲ್ಲಿಸಿ, ಎಲ್ಲರಿಗೂ ಹೇಳುವುದನ್ನು ಹೇಳಿದ. ಇಮೋಯೆನ್‌ಗೆ ದಂಡ. ಒಮ್ಮೆ ನಮ್ಮ ಮುಖ ನೋಡಿದ. ನಾವು ಏನೂ ಹೇಳಲಿಲ್ಲ. ಬೆರಳು ತೆಗೆದು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಪರದೆ ನೋಡುತ್ತ ಕುಳಿತ.

ಮೇಲಿನಿಂದ ಯಜಮಾನರು ಸಾರು ಆರುತ್ತಿದೆ ಎಂದು ಊಟಕ್ಕೆ ಕೂಗಿದರು.

"ಒಂದು ನಿಮಿಷ" ಎಂದೆವು ಇಬ್ಬರೂ.